ಮಾಯಾ ಶಾಲು ಮತ್ತು ಅಬ್ಬಾನ ಹಾರನ್

ಅಬ್ಬಾ ವೈರಿನ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಬೀದಿಯುದ್ದಕ್ಕೂ ಹಾಸಿದ್ದ ಕರಿ ವೈರನ್ನು ಇಬ್ಬರೂ ಅಂಗೈಗೂ ಮೊಣಕೈಗೂ ಸುತ್ತಿಕೊಳ್ಳುತ್ತಾ ಎದುರುಬದುರು ನಡೆದು ಬಂದೆವು. ಎರಡೂ ಕಡೆಯಿಂದ ಸುತ್ತುವುದು ನಮ್ಮ ಮನೆಯ ಪದ್ಧತಿ. ಕೆಲಸ ಬೇಗ ಮುಗಿಯುತ್ತದೆ. ತಂತಿ ಎಲ್ಲಾದರೂ ಒಳಗೇ ತುಂಡಾಗಿದ್ದರೆ ಬೆರಳಿಗೆ ಗೊತ್ತಾಗುತ್ತದೆ.

ಅವತ್ತು ಎದುರು ಮನೆಯ ಕೋಳಿ ವೈರಿನ ಮೇಲೆ ಕಾಲಿಟ್ಟಾಗ ಅದನ್ನು ಓಡಿಸಲೂ ಅಬ್ಬಾ ಬಾಯಿ ತೆರೆಯಲಿಲ್ಲ. ಅದೇ ಪಕ್ಕಕ್ಕೆ ಹೋಗುವ ತನಕ ನಿಂತು, ಆಮೇಲೆ ಸುತ್ತಿದರು.

ನಾಗಮಂಗಲದ ಒಂದು ಸಮಾವೇಶಕ್ಕೆಂದು ಹಿಂದಿನ ದಿನ ಅಳೆದು, ಬೆಸುಗೆ ಹಾಕಿ, ಟೇಪು ಸುತ್ತಿ ಸಿದ್ಧ ಮಾಡಿದ್ದ ವೈರು ಅದು. ಬೆಳಿಗ್ಗೆ ಏಳು ಗಂಟೆಗೆ ಫೋನು ಬಂತು. ಮೈಕು ಬೇರೆಯವರಿಗೆ ಹೇಳಿದ್ದೇವೆ, ನೀವು ಬರಬೇಡಿ ಎಂದರು. ಆ ವಾರ ಹೀಗೆ ಬೇಡ ಎಂದವರಲ್ಲಿ ಇವರು ಮೂರನೆಯವರು. ಕೆ.ಆರ್. ಪೇಟೆಯವರೂ ಶ್ರೀರಂಗಪಟ್ಟಣದವರೂ ಮೊದಲೇ ಹೇಳಿಯಾಗಿತ್ತು. ಮೂರಕ್ಕೂ ಕಾರಣ ನಾನು. ಅದು ಅಬ್ಬಾಗೆ ಗೊತ್ತು, ಅಮ್ಮಿಗೆ ಗೊತ್ತು, ನಮ್ಮ ಬೀದಿಗೂ ಗೊತ್ತು.

ನಮ್ಮದು ಪಾಂಡವಪುರದಲ್ಲಿ ಮೈಕ್ ಸೆಟ್ ಅಂಗಡಿ. ಅಂಗಡಿ ಮುಂದೆ, ಮನೆ ಹಿಂದೆ. ಅಬ್ಬಾನ ಹೆಸರು ಅಜ್ಮತ್ ಉಲ್ಲಾ. ಮೂವತ್ತು ವರ್ಷದಿಂದ ಮದುವೆಗೂ, ಉರುಸಿಗೂ, ಗಣಪತಿ ಕೂರಿಸುವುದಕ್ಕೂ, ಎಲ್ಲ ಪಕ್ಷಗಳ ಸಭೆಗೂ ಅವರೇ ಮೈಕು ಕಟ್ಟಿದವರು. ಅವರ ಜೊತೆ ಕಂಬ ಹತ್ತುವವರು ದ್ಯಾವಯ್ಯ. ಅಬ್ಬಾಗಿಂತ ಮೂರು ವರ್ಷ ದೊಡ್ಡವರು, ಈಗಲೂ ಹತ್ತುತ್ತಾರೆ. ಆಂಪ್ಲಿಫೈಯರ್ ಮುಂದೆ ಕೂರುವವಳು ನಾನು, ನೂರ್ ಫಾತಿಮಾ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಓದು ಬರದೆ ಅಲ್ಲ. ಎದ್ದು ನಿಂತು ಓದು ಅಂದರೆ ನಲವತ್ತು ಮುಖಗಳು ನನ್ನ ಕಡೆ ತಿರುಗುತ್ತಿದ್ದವು. ಗಂಟಲು ಕಟ್ಟಿಕೊಂಡು ಗಾಳಿ ಕೂಡ ಹೊರಗೆ ಬರುತ್ತಿರಲಿಲ್ಲ. ಆ ವರ್ಷವೇ ಅಮ್ಮಿಗೆ ಸೊಂಟದ ಆಪರೇಷನ್ ಆಯಿತು. ಮನೆಯಲ್ಲಿ ಒಬ್ಬರು ಬೇಕಿತ್ತು. ಅದನ್ನೇ ನೆಪ ಮಾಡಿಕೊಂಡು ಉಳಿದುಬಿಟ್ಟೆ. ಅಮ್ಮಿ ಎದ್ದು ಓಡಾಡುವಂತಾದ ಮೇಲೆ ಅಬ್ಬಾ ನನ್ನನ್ನು ಗೂಡ್ಸ್ ಆಟೊದಲ್ಲಿ ಕರೆದುಕೊಂಡು ಹೋಗತೊಡಗಿದರು. ಪರದೆಯ ಹಿಂದೆ, ವೇದಿಕೆಯ ಹಿಂದೆ, ಒಮ್ಮೊಮ್ಮೆ ಶಾಮಿಯಾನದ ಮೂಲೆಯಲ್ಲಿ ಆಂಪ್ಲಿಫೈಯರ್ ಇಟ್ಟು ನನ್ನನ್ನು ಕೂರಿಸುತ್ತಿದ್ದರು. ಅಲ್ಲಿ ನನ್ನನ್ನು ಯಾರೂ ನೋಡುವುದಿಲ್ಲ. ನನಗೆ ಎಲ್ಲರೂ ಕಾಣುತ್ತಾರೆ.

ಲೈನ್ ಚೆಕ್ ಮಾಡುವುದರಲ್ಲಿ ಅಬ್ಬಾನದು ಅವರದೇ ರೀತಿ. ಬೇರೆ ಮೈಕಿನವರು ‘ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ’ ಅಂದು ಮುಗಿಸುತ್ತಾರೆ. ಅಬ್ಬಾಗೆ ಅದು ಸಾಲದು. ‘ಒನ್ ಟೂ ತ್ರೀ ಎಂಥ ಒಡಕು ಸ್ಪೀಕರಲ್ಲೂ ಕೇಳಿಸುತ್ತೆ ಬೇಟಾ. ಮನುಷ್ಯ ಮಾತಾಡೋ ಮಾತು ಕೇಳಿಸಬೇಕು. ಸ ಬೇರೆ, ಶ ಬೇರೆ ಅಂತ ಗೊತ್ತಾಗಬೇಕು’ ಎನ್ನುತ್ತಿದ್ದರು. ಎಲ್ಲ ಲೌಡ್‌ಸ್ಪೀಕರ್ ಕಟ್ಟಿದ ಮೇಲೆ ಅವರೂ ದ್ಯಾವಯ್ಯನೂ ಗೂಡ್ಸ್ ಆಟೊದಲ್ಲಿ ಊರಿನ ಕೊನೆಯ ಸ್ಪೀಕರಿನ ಕೆಳಗೆ ಹೋಗಿ ನಿಲ್ಲುತ್ತಾರೆ. ನಾನು ಇಲ್ಲಿಂದ ಏನಾದರೂ ಓದುತ್ತಿರಬೇಕು. ಪ್ರತಿ ಅಕ್ಷರವೂ ತೊಳೆದಿಟ್ಟ ಹಾಗೆ ಕೇಳಿಸಿದ ಮೇಲೆ ಅಬ್ಬಾ ಆಟೊದ ಹಾರನ್ ಹೊಡೆಯುತ್ತಾರೆ. ಉದ್ದಕ್ಕೆ ಒಂದೇ ಸಲ. ಹಾರನ್ ಕೇಳಿದ ತಕ್ಷಣ ನಾನು ನಿಲ್ಲಿಸಬೇಕು. ಅದಕ್ಕೆ ಐದು ನಿಮಿಷ ಹಿಡಿಯಬಹುದು, ಎಂಟು ನಿಮಿಷ ಹಿಡಿಯಬಹುದು. ಹತ್ತು ದಾಟಿದ್ದು ನನಗೆ ನೆನಪಿಲ್ಲ.

ಓದಲು ನನ್ನ ಹತ್ತಿರ ಇದ್ದದ್ದು ಒಂದೇ ಪುಸ್ತಕ. ಶ್ರೀರಂಗಪಟ್ಟಣದ ರದ್ದಿ ಅಂಗಡಿಯಿಂದ ಮೈಕಿನ ಪೆಟ್ಟಿಗೆಗೆ ಮೆತ್ತೆ ಹಾಕಲು ತಂದಿದ್ದ ಕಾಗದದ ನಡುವೆ ಸಿಕ್ಕಿದ್ದು. ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಂಥ ಮಾಯಾ ಮಂತ್ರದ ಕತೆ. ರಟ್ಟು ಇಲ್ಲ, ಮೊದಲ ಆರು ಪುಟ ಇಲ್ಲ, ಕೊನೆಯ ಪುಟಗಳು ಎಷ್ಟು ಹೋಗಿವೆಯೋ ಗೊತ್ತಿಲ್ಲ. ಅದರಲ್ಲಿ ಒಬ್ಬ ದೊರೆ, ಹಾರುವ ಚಾಪೆ, ಮೂರು ತಲೆಯ ರಾಕ್ಷಸ, ಮತ್ತೆ ಒಬ್ಬ ಮಾಟಗಾತಿ ನೇಯ್ದ ಶಾಲು. ಆ ಶಾಲು ಹೊದ್ದವನು ಯಾರ ಕಣ್ಣಿಗೂ ಕಾಣುವುದಿಲ್ಲ.

ಮೊದಲ ವರ್ಷ ಇದ್ದದ್ದನ್ನು ಇದ್ದ ಹಾಗೇ ಓದಿದೆ. ಆಮೇಲೆ ಒಮ್ಮೆ ಕೆ.ಆರ್. ಪೇಟೆಯಲ್ಲಿ ಒಂದು ಸಭೆ. ಹತ್ತು ಗಂಟೆಗೆ ಬರುತ್ತೇವೆ ಅಂದವರು ಒಂದೂವರೆಗೆ ಬಂದರು. ಬಂದವರು ವೇದಿಕೆಯ ಹಿಂದೆ, ನನ್ನಿಂದ ಎರಡು ಮಾರು ದೂರದಲ್ಲಿ, ಯಾರ ಕುರ್ಚಿ ಮಧ್ಯಕ್ಕೆ ಇರಬೇಕು ಎಂದು ಜಗಳ ಆಡಿದರು. ಇವರಲ್ಲಿ ಇಬ್ಬರು ಹೋದ ಚುನಾವಣೆಯಲ್ಲಿ ಎದುರು ಪಕ್ಷದಲ್ಲಿದ್ದರು. ಆಗಲೂ ಮೈಕು ನಮ್ಮದೇ ಆದ್ದರಿಂದ ನನಗೆ ಅವರ ಧ್ವನಿಯ ಗುರುತು ಇತ್ತು. ಮುಂದಿನ ವಾರ ಲೈನ್ ಚೆಕ್‌ಗೆ ಕೂತಾಗ ಪುಸ್ತಕದ ರಾಕ್ಷಸ ನನ್ನ ಬಾಯಲ್ಲಿ ತಾನಾಗಿ ಬದಲಾದ.

‘ಆ ರಾಕ್ಷಸನಿಗೆ ಮೂರು ತಲೆ. ಮೂರೂ ಒಂದೊಂದು ಪಕ್ಷಕ್ಕೆ ಸೇರಿದ್ದವು. ಬೆಳಿಗ್ಗೆ ಎದ್ದ ಕೂಡಲೇ ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು, ಇವತ್ತು ನಾವು ಯಾರನ್ನು ಬೈಯಬೇಕು? ಹೊಟ್ಟೆ ಮಾತ್ರ ಒಂದೇ ಆದ್ದರಿಂದ ಊಟದ ಹೊತ್ತಿಗೆ ಜಗಳ ಇರುತ್ತಿರಲಿಲ್ಲ.’

ಪರದೆಯ ಆಚೆ ಕುರ್ಚಿ ಜೋಡಿಸುತ್ತಿದ್ದವರು ನಕ್ಕರು. ಆ ನಗು ಕೇಳಿ ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಅಬ್ಬಾನ ಹಾರನ್ ಕೇಳಿಸಿತು. ನಿಲ್ಲಿಸಿದೆ.

ಆವತ್ತಿನಿಂದ ಪ್ರತಿ ಊರಿನಲ್ಲೂ ಸ್ವಲ್ಪ ಸ್ವಲ್ಪ ಸೇರಿಸಿದೆ. ಯಾರ ಹೆಸರೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಹಾರುವ ಚಾಪೆ ಐದು ವರ್ಷ ಕಚೇರಿಯ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಓಟಿನ ಸುದ್ದಿ ಬಂದ ಕೂಡಲೇ ತಾನಾಗಿ ಬಿಚ್ಚಿಕೊಂಡು ಹಾರಿ, ಪ್ರತಿ ಮನೆಯ ಬಾಗಿಲಲ್ಲೂ ಇಳಿದು, ‘ಅವ್ವಾ, ಮಂಡಿನೋವು ಹೆಂಗಿದೆ’ ಎಂದು ಕೇಳುತ್ತದೆ. ಮಂಡಿನೋವಿಗೆ ಔಷಧಿ ಕೇಳಿದರೆ ಮತ್ತೆ ಹಾರಿಹೋಗುತ್ತದೆ. ಮಾಯಾ ಶಾಲು ಗೆದ್ದವರಿಗೆ ಜನರೇ ಹೊದಿಸುವ ಶಾಲು. ಹೊದಿಸಿದ ಕ್ಷಣದಿಂದ ಅವರು ಕಾಣುವುದಿಲ್ಲ. ಆಸ್ಪತ್ರೆಯ ಹತ್ತಿರ ಹುಡುಕಿದರೆ ಇಲ್ಲ, ರಸ್ತೆಯ ಗುಂಡಿಯ ಹತ್ತಿರ ಹುಡುಕಿದರೆ ಇಲ್ಲ. ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ಮಾತ್ರ ಎದುರಿಗೆ ಯಾರೂ ಕಾಣದ ಎಲೆ ತಾನಾಗಿ ಖಾಲಿಯಾಗುತ್ತಿರುತ್ತದೆ.

ಜನ ಸಭೆಗೆ ಬೇಗ ಬರತೊಡಗಿದರು. ಮೊದಮೊದಲು ನನಗೆ ಅದು ಗೊತ್ತೇ ಆಗಲಿಲ್ಲ. ದ್ಯಾವಯ್ಯ ಒಂದು ದಿನ ಹೇಳಿದರು. ‘ಲೇ ನೂರವ್ವ, ಭಾಸ್ಣ ಸುರುವಾದ್ಮೇಲೆ ಬರೋ ಜನ ಈಗ ಮೈಕ್ ಕಟ್ಟೋ ವೊತ್ಗೇ ಬಂದ್ಬುಡ್ತಾರೆ. ಭಾಸ್ಣ ಸುರುವಾದ್ರೆ ಎದ್ದೋಯ್ತಾರೆ.’

ಪುಟ್ಟತಾಯಮ್ಮ ಹಾಗೆ ಬರುತ್ತಿದ್ದವರಲ್ಲಿ ಒಬ್ಬರು. ಅರಕೆರೆಯವರು, ಅಲ್ಲಿನ ಮಹಿಳಾ ಹಾಲಿನ ಸಂಘದ ಅಧ್ಯಕ್ಷೆ, ಅರವತ್ತು ದಾಟಿದವರು. ಒಮ್ಮೆ ಪರದೆ ಸರಿಸಿ ನನ್ನನ್ನು ನೋಡಿ, ‘ಓ, ನೀನೇನವ್ವ’ ಅಂದು, ಸೆರಗಿನಲ್ಲಿದ್ದ ಹುರಿಗಡಲೆ ನನ್ನ ಕೈಗೆ ಸುರಿದು, ‘ಆ ಶಾಲ್ನ ಕೊನೀಗೆ ಯಾರು ಬಿಚ್ತಾರೆ, ಅಷ್ಟು ಯೋಳ್ಬುಡು’ ಅಂದಿದ್ದರು. ಅದು ನನಗೂ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಕೊನೆಯ ಪುಟ ಇರಲಿಲ್ಲ. ಅದನ್ನು ಯೋಚಿಸುವ ಪ್ರಮೇಯವೂ ಬಂದಿರಲಿಲ್ಲ, ಏಕೆಂದರೆ ಅಷ್ಟು ದೂರ ಹೋಗುವ ಮೊದಲೇ ಅಬ್ಬಾನ ಹಾರನ್ ಬರುತ್ತಿತ್ತು. ನಾನು ಒಂದು ಸಲವೂ ಕತೆ ಮುಗಿಸಿದವಳಲ್ಲ.

ಅಬ್ಬಾ ಮಾತ್ರ ಕತೆಯ ಬಗ್ಗೆ ಒಂದು ದಿನವೂ ಏನೂ ಅನ್ನಲಿಲ್ಲ. ಆಟೊದಲ್ಲಿ ವಾಪಸ್ ಬಂದು, ‘ಟ್ರೆಬಲ್ ಸ್ವಲ್ಪ ಕಮ್ಮಿ ಮಾಡು, ಸದ್ದು ಕಿವಿಗೆ ಚುಚ್ಚುತ್ತೆ’ ಅನ್ನುತ್ತಿದ್ದರು. ಇಲ್ಲವೆ, ‘ಮೂರನೇ ಸ್ಪೀಕರ್ ಗೊರಗೊರ ಅಂತಿದೆ’ ಅನ್ನುತ್ತಿದ್ದರು. ಅವರಿಗೆ ಎಡಗಿವಿ ಮಂದ. ಮೂವತ್ತು ವರ್ಷ ಸ್ಪೀಕರಿನ ಕೆಳಗೆ ನಿಂತವರಿಗೆ ಹಾಗಾಗುತ್ತದೆ. ಬಲಗಿವಿಗೆ ನನ್ನ ಸ, ಶ ಬಿದ್ದರೆ ಸಾಕು ಅವರಿಗೆ, ಕತೆ ಬೀಳುವುದಿಲ್ಲ ಎಂದೇ ನಾನು ತಿಳಿದಿದ್ದೆ. ಬೇರೆ ಎಲ್ಲರ ನಗುವೂ ನನಗೆ ಕೇಳಿಸುತ್ತಿತ್ತು. ಅಬ್ಬಾ ನಕ್ಕರೋ ಇಲ್ಲವೋ ಅಷ್ಟು ದೂರದಿಂದ ತಿಳಿಯುತ್ತಿರಲಿಲ್ಲ.

ಹೋದ ತಿಂಗಳು ಬೂಕನಕೆರೆಯಲ್ಲಿ ಒಂದು ಸನ್ಮಾನ. ಪುಟ್ಟತಾಯಮ್ಮನ ಮಗಳ ಮನೆ ಅಲ್ಲಿ, ಹಾಗಾಗಿ ಅವರೂ ಮುಂದಿನ ಸಾಲಿನಲ್ಲಿದ್ದರು. ಅವತ್ತಿನ ಲೈನ್ ಚೆಕ್‌ನಲ್ಲಿ ನಾನು ಮಾಯಾ ಶಾಲಿನ ಭಾಗ ಓದಿದ್ದೆ. ಅರ್ಧ ಗಂಟೆಯ ಮೇಲೆ ನಾಯಕರು ಬಂದರು. ಕಾರ್ಯಕ್ರಮ ನಡೆಸಿಕೊಡುತ್ತಿದ್ದ, ಅವರದೇ ಪಕ್ಷದ ಧರ್ಮೇಂದ್ರ, ‘ಈಗ ನಮ್ಮ ನೆಚ್ಚಿನ ಅಣ್ಣನವರಿಗೆ ಶಾಲು ಹೊದಿಸಿ’ ಎಂದು ಕೂಗಿದ. ಹೊದಿಸಿದರು. ಚಪ್ಪಾಳೆ ಬೀಳುವ ಮೊದಲಿನ ಆ ಒಂದು ಕ್ಷಣದಲ್ಲಿ ಪುಟ್ಟತಾಯಮ್ಮ ಪಕ್ಕದವರಿಗೆ ಹೇಳಿದರು. ಮೆಲ್ಲಗೇ ಹೇಳಿದ್ದು, ಆದರೆ ವೇದಿಕೆಯ ಮುಂದಿನ ಮೈಕನ್ನು ಅಬ್ಬಾ ಅಷ್ಟು ಚೆನ್ನಾಗಿ ಇಟ್ಟಿದ್ದರು.

‘ಓಯ್ತು ಬುಡವ್ವ. ಇನ್ನೈದು ವರ್ಸ ಕಾಣಕಿಲ್ಲ.’

ನಾಲ್ಕು ಬೀದಿಯ ಸ್ಪೀಕರಿನಲ್ಲೂ ಅದು ಕೇಳಿಸಿತು. ಶಾಮಿಯಾನದ ಒಳಗೆ ನಗು ಹುಟ್ಟಿ, ಹೊರಗಿನ ಟೀ ಅಂಗಡಿಗೆ ಹೋಗಿ, ಮತ್ತೆ ಒಳಗೆ ಬಂತು. ನಾಯಕರು ತಮ್ಮ ಹೆಗಲನ್ನೇ ನೋಡಿಕೊಂಡರು. ಅವರಿಗೆ ಅರ್ಥವಾಗಲಿಲ್ಲ. ಧರ್ಮೇಂದ್ರನಿಗೆ ಆಯಿತು.

ಎರಡು ದಿನ ಬಿಟ್ಟು ಅವನು ನಮ್ಮ ಮನೆಗೆ ಬಂದ. ಸಿಟ್ಟಿನಿಂದ ಬರಲಿಲ್ಲ. ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ. ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತ. ನಾನು ಒಳಕೋಣೆಯ ಪರದೆಯ ಹಿಂದೆ ಇದ್ದೆ. ಅಮ್ಮಿ ಚಹಾ ಕೊಟ್ಟು ಬಂದು ನನ್ನ ಪಕ್ಕ ನಿಂತರು.

‘ಅಜ್ಮತಣ್ಣ, ಸುಳ್ಳ್ಯಾಕೇಳ್ಳಿ, ಕತೆ ಚೆನ್ನಾಗದೆ’ ಅಂದ ಧರ್ಮೇಂದ್ರ. ‘ಮನೇಲಿ ನನ್ನೆಂಡ್ರುಗೆ ಯೋಳ್ದೆ, ಅವಳು ದೋಸೆ ಸೀಯ್ಸ್‌ಕೊಂಡು ನಗ್ತಾವ್ಳೆ. ಅದ್ಕೇ ಬಂದೆ. ಈ ಸಲ ನಾಕು ತಾಲ್ಲೂಕ್ಗೂ ನಿಮ್ದೇ ಮೈಕು. ಶ್ರೀರಂಗಪಟ್ಣ, ಪಾಂಡವಪುರ, ಪೇಟೆ, ನಾಗಮಂಗ್ಲ. ಪ್ರತಿ ಸಭೇಲೂ ಕತೆ ಓದ್ಲಿ. ಲೈನ್ ಚೆಕ್ ಅಂತಲ್ಲ, ಕಾರ್ಯಕ್ರಮ ಅಂತ್ಲೇ ಹಾಕ್ಸ್ತೀನಿ.’

ಅಬ್ಬಾ ಚಹಾ ಗುಟುಕರಿಸುತ್ತಾ ಕೇಳುತ್ತಿದ್ದರು.

‘ಒಂದೇ ಒಂದು’ ಅಂದ ಧರ್ಮೇಂದ್ರ. ‘ನಮ್ಮ ಕಡೆಯವ್ರ ಶಾಲು ತಗ್ದ್‌ಬುಡಿ. ಆ ಕಡೆಯವ್ರಿಗೆ ಬೇಕಾದ್ರೆ ಇನ್ನೊಂದೆರಡು ಹೊದ್ಸಿ, ಚಳಿಗೂ ಆಯ್ತದೆ.’

‘ಇಲ್ಲದಿದ್ರೆ?’ ಅಂದರು ಅಬ್ಬಾ.

‘ಇಲ್ದಿದ್ರೆ ಏನಿಲ್ಲ ಕಣಣ್ಣ. ನಿಮ್ಮ ಮೈಕು ನಿಮ್ಮ ಅಂಗ್ಡೀಲಿರ್ತದೆ.’

ಅಬ್ಬಾ ಚಹಾದ ಲೋಟ ಕೆಳಗಿಟ್ಟರು. ‘ಧರ್ಮೇಂದ್ರಣ್ಣ, ನಾನು ನಿಮ್ಮ ತಂದೆ ಪಂಚಾಯ್ತಿಗೆ ನಿಂತಾಗಲೂ ಮೈಕ್ ಕಟ್ಟಿದ್ದೀನಿ, ಅವರ ಎದುರಾಳಿಗೂ ಕಟ್ಟಿದ್ದೀನಿ. ಇಬ್ಬರಿಗೂ ವಾಲ್ಯೂಮು ಒಂದೇ. ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಮ್ಮಿ ಇಟ್ಟಿದ್ದು ಇಲ್ಲ. ಬೇಕಾದರೆ ಕೇಳಿ ನೋಡಿ.’ ಪರದೆಯ ಕಡೆ ಕೈ ತೋರಿಸಿದರು. ‘ಕತೆ ಓದೋಳು ಅವಳು. ಅವಳನ್ನೇ ಕೇಳಿ.’

ಧರ್ಮೇಂದ್ರ ಪರದೆಯ ಕಡೆ ತಿರುಗಿದ. ‘ಏನವ್ವ, ನೀನೇನಂತೀಯ?’

ಒಂಬತ್ತನೇ ಕ್ಲಾಸಿನ ನಲವತ್ತು ಮುಖಗಳು ಮತ್ತೆ ನನ್ನ ಕಡೆ ತಿರುಗಿದ ಹಾಗಾಯಿತು. ಅಮ್ಮಿ ನನ್ನ ಮುಖ ನೋಡಿದರು. ‘ಬೇಡ ಅನ್ನು, ಇಲ್ಲ ಹೂಂ ಅನ್ನು. ಏನಾದ್ರೂ ಅನ್ನು’ ಎಂದು ಪಿಸುಗುಟ್ಟಿದರು. ನಾನು ಹಿಂದಕ್ಕೆ ಸರಿದೆ. ಮೇಜಿನ ಮೇಲೆ ರಿಪೇರಿಗೆ ಬಿಚ್ಚಿದ್ದ ಆಂಪ್ಲಿಫೈಯರ್ ಇತ್ತು, ಪಕ್ಕದಲ್ಲಿ ಮೈಕು. ಆನ್ ಮಾಡಿದೆ. ಅದಕ್ಕೆ ಪರೀಕ್ಷೆಗೆ ಇಡುವ ಸಣ್ಣ ಡಬ್ಬಿ ಸ್ಪೀಕರ್ ಮಾತ್ರ ಸೇರಿದೆ, ಅಂಗಡಿಯಲ್ಲಿ ಕೂತವರಿಗಷ್ಟೇ ಕೇಳಿಸುತ್ತದೆ ಎಂದುಕೊಂಡಿದ್ದೆ. ಬೆಳಿಗ್ಗೆ ಅಬ್ಬಾ ಅದೇ ಲೈನಿಗೆ ಅಂಗಡಿ ಮುಂದಿನ ಕಂಬದ ಮೇಲಿನ ಲೌಡ್‌ಸ್ಪೀಕರ್ ಸಿಕ್ಕಿಸಿ ನೋಡಿದ್ದರು. ತೆಗೆದಿರಲಿಲ್ಲ.

‘ಆಗಲ್ಲ ಅಣ್ಣ’ ಅಂದೆ.

ನನ್ನ ಧ್ವನಿ ಧರ್ಮೇಂದ್ರನ ನೆತ್ತಿಯ ಮೇಲಿಂದ ಬಂತು. ಅವನು ಬೆಚ್ಚಿ ಮೇಲೆ ನೋಡಿದ. ಬೀದಿಯ ಕೊನೆಯ ತನಕ ಬಾಗಿಲುಗಳು ತೆರೆದವು. ಅದೆಲ್ಲ ಆಮೇಲೆ ಅಮ್ಮಿ ಹೇಳಿದ್ದು, ನಾನು ಕಣ್ಣು ಮುಚ್ಚಿಕೊಂಡಿದ್ದೆ.

‘ಆ ಕತೇಲಿ ಶಾಲು ಎಲ್ಲರಿಗೂ ಹೊದಿಸಿದ್ದಾರೆ. ಒಬ್ಬರನ್ನ ಬಿಟ್ಟು ಓದಕ್ಕೆ ನನಗೆ ಬರಲ್ಲ. ಬಾಳೆಹಣ್ಣು ತಗೊಂಡು ಹೋಗಿ.’

ಬಾಳೆಹಣ್ಣಿನ ಮಾತು ಯಾಕೆ ಬಂತೋ ಗೊತ್ತಿಲ್ಲ. ಎದುರು ಮನೆಯವರು ನಕ್ಕಿದ್ದು ಕೇಳಿಸಿತು. ಧರ್ಮೇಂದ್ರ ಎದ್ದ. ‘ನಿಮ್ಮ ಮಗ್ಳು ಮನೇಲೂ ಮೈಕಲ್ಲೇ ಮಾತಾಡ್ತಾಳೇನಣ್ಣ’ ಅಂದ. ಬಾಳೆಹಣ್ಣು ಬಿಟ್ಟು ಹೋದ.

ಅಬ್ಬಾ ಒಳಗೆ ಬಂದು ಆಂಪ್ಲಿಫೈಯರ್ ಆಫ್ ಮಾಡಿದರು. ‘ಟ್ರೆಬಲ್ ಜಾಸ್ತಿ ಇತ್ತು’ ಅಂದರು. ಅಷ್ಟೇ.

ಅದಾದ ಮೇಲೆ ಒಂದೊಂದೇ ಫೋನು ಬಂದವು. ಮೊದಲನೆಯದು ಬಂದಾಗ ನಾನು ಏನೂ ಅಂದುಕೊಳ್ಳಲಿಲ್ಲ. ಎರಡನೆಯದು ಬಂದಾಗ ದ್ಯಾವಯ್ಯ ಕಂಬದ ಹಗ್ಗ ಮಡಚಿಟ್ಟು ಬೀಡಿ ಹಚ್ಚಿದರು. ಮೂರನೆಯದು ನಾಗಮಂಗಲದ್ದು. ಫೋನಿಟ್ಟ ಮೇಲೆ ಅಬ್ಬಾ ಬೀದಿಗಿಳಿದು ವೈರಿನ ತುದಿ ಹಿಡಿದಿದ್ದು.

ವೈರು ಸುತ್ತುತ್ತಾ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಇನ್ನು ಮೇಲೆ ಒನ್ ಟೂ ತ್ರೀ. ಎಲ್ಲರೂ ಹೇಳುವ ಹಾಗೆ. ಮೂವತ್ತು ವರ್ಷದ ಅಂಗಡಿ, ಅಬ್ಬಾಗೆ ಐವತ್ತೆಂಟು, ದ್ಯಾವಯ್ಯನಿಗೆ ಅರವತ್ತೊಂದು. ಐದು ನಿಮಿಷದ ನಗುವಿಗೆ ಇದನ್ನೆಲ್ಲ ಮೂಲೆಗೆ ಹಾಕುವುದು ಯಾವ ನ್ಯಾಯ? ಅಬ್ಬಾ ಆ ಕತೆಯನ್ನು ಒಂದು ಸಲವಾದರೂ ಕೇಳಿ ನಕ್ಕಿದ್ದರೆ ಬೇರೆ ಮಾತು. ಅವರು ಕೇಳಿದ್ದು ಟ್ರೆಬಲ್ಲು.

ಹೀಗೆ ಯೋಚಿಸುತ್ತಾ ಸುತ್ತುತ್ತಿದ್ದಾಗ ತಲೆ ಎತ್ತಿದರೆ ಅಬ್ಬಾ ಎರಡು ಅಡಿ ದೂರದಲ್ಲಿದ್ದರು. ವೈರು ಇಬ್ಬರನ್ನೂ ಬೀದಿಯ ನಡುವಿಗೆ ಎಳೆದು ತಂದಿತ್ತು. ನನ್ನ ಸುರುಳಿಯನ್ನು ತಮ್ಮ ಸುರುಳಿಯ ಮೇಲೆ ಇಟ್ಟುಕೊಳ್ಳಲು ಅವರು ಕೈ ಚಾಚಿದರು. ಆಗ ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ನಾಲ್ಕನೆಯದು ಅಂದುಕೊಂಡೆ. ಕಿವಿ ಮಂದವಾದ್ದರಿಂದ ಅಬ್ಬಾ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ.

‘ಅಜ್ಮತಣ್ಣ, ನಾನು ಅರಕೆರೆ ಪುಟ್ಟತಾಯಮ್ಮ. ಬರೋ ಬುಧವಾರ ಪುರ್ಸೊತ್ತಿದ್ದೀರಾ?’

‘ಇದ್ದೀನಿ ಅಮ್ಮ’ ಅಂದರು ಅಬ್ಬಾ. ‘ಬುಧವಾರ ಏನು, ಎಲ್ಲ ವಾರನೂ ಇದ್ದೀನಿ.’

‘ನಮ್ಮ ಡೈರಿ ತಾವ ಮೈಕ್ ಕಟ್ಬೇಕು. ಸಂಘದ ಸಭೆ ಅಂತ ಪರ್ಮಿಸನ್ ತಕ್ಕಂಡಿವ್ನಿ. ಡೈರಿ ತಾವ ಎರಡು, ದೇವಸ್ಥಾನದ ಮುಂದೆ ಒಂದು, ಕಾಲ್ವೆ ಸೇತ್ವೆ ತಾವ ಒಂದು.’

‘ಕಾರ್ಯಕ್ರಮ ಏನಮ್ಮ? ಭಾಷಣ ಎಷ್ಟು ಜನರದ್ದು? ಅಷ್ಟು ಮೈಕ್ ತರಬೇಕು.’

‘ಭಾಸ್ಣ ಯಾತುಕ್ಕೆ? ಯಾರೂ ಬರಕಿಲ್ಲ. ಕಾರ್ಯಕ್ರಮ ಏನಿಲ್ಲ ಕಣಣ್ಣ. ನೀವು ಬಂದು ಲೈನ್ ಚೆಕ್ ಮಾಡಿ. ಅಷ್ಟೇಯ.’

ಅಬ್ಬಾ ಫೋನನ್ನು ಬಲಗಿವಿಯ ಹತ್ತಿರ ತಂದರು. ‘ಲೈನ್ ಚೆಕ್ ಮಾಡಿ ಆಮೇಲೆ?’

‘ಆಮೇಲೆ ಟೀ ಕುಡ್ದು ಓಗಿ. ನಮ್ಮೆಂಗುಸ್ರು ನಲವತ್ತು ಜನ ಒಂದ್ಕಡೆ ಕುಂತು ತೀರ್ಮಾನ ಮಾಡಿವ್ರೆ. ಆ ಶಾಲ್ನ ಯಾರು ಬಿಚ್ಚುದ್ರು ಅಂತ ಗೊತ್ತಾಗೋಗಂಟ ಬುಡಾಕಿಲ್ಲ ಅಂತ. ಮಗೀಗೆ ಯೋಳಿ, ತಯಾರಾಗ್ಲಿ.’

ಫೋನು ಜೇಬಿಗೆ ಹೋಯಿತು. ಅಬ್ಬಾ ಸುರುಳಿಯನ್ನು ಒಳಗೆ ಒಯ್ಯಲಿಲ್ಲ. ಸೀದಾ ಆಟೊಗೆ ಹಾಕಿದರು. ಬುಧವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು.

ಆ ನಾಲ್ಕು ದಿನ ನಾನು ಹಳೇ ಮದುವೆ ಕಾಗದಗಳ ಹಿಂದೆ ಬರೆದೆ, ಹೊಡೆದು ಹಾಕಿದೆ. ರಾಜಕುಮಾರ ಬಂದು ಮಂತ್ರದ ಪುಡಿ ಎರಚಿ ಶಾಲು ಕಳಚಿದ ಅಂತ ಬರೆದೆ. ಅರಕೆರೆಯ ಹೆಂಗಸರು ಒಪ್ಪುವುದಿಲ್ಲ, ಆ ರಾಜಕುಮಾರ ಯಾವ ಪಕ್ಷ ಅಂತ ಕೇಳುತ್ತಾರೆ. ಮಾಟಗಾತಿಗೇ ಕನಿಕರ ಬಂತು ಅಂತ ಬರೆದೆ. ಅದೂ ಸುಳ್ಳು. ಕಾಣದ ಮನುಷ್ಯನನ್ನು ಹುಡುಕುವುದು ಹೇಗೆ? ಮೂರನೇ ದಿನ ಅಮ್ಮಿ ಬಟ್ಟೆ ಒಣಹಾಕುವ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾ ಹಿತ್ತಿಲಿನ ಕಂಬದಿಂದ ಬಾಗಿಲ ತನಕ ಬಂದರು. ನೋಡುತ್ತಾ ಕೂತಿದ್ದೆ. ಕತೆಯ ಕೊನೆ ಅಲ್ಲೇ ಇತ್ತು. ಬೀದಿಯಲ್ಲಿ ಅಬ್ಬಾನೂ ನಾನೂ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದೆವು.

ಬುಧವಾರ ಮೂರೂವರೆಗೆ ಅರಕೆರೆ ಸೇರಿದೆವು. ಕಬ್ಬಿನ ಟ್ರಾಕ್ಟರುಗಳು ದಾರಿ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಡೈರಿಯ ಮುಂದೆ ಚಾಪೆ ಹಾಸಿ ಹೆಂಗಸರು ಕೂತಿದ್ದರು. ನಲವತ್ತು ಅಂದಿದ್ದರು. ನೂರರ ಮೇಲಿದ್ದರು. ಗಂಡಸರು ತಮಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಬೈಕುಗಳ ಮೇಲೆ, ಸೇತುವೆಯ ಕಟ್ಟೆಯ ಮೇಲೆ ಅಲ್ಲಲ್ಲಿ ಇದ್ದರು. ಹೊಂಗೆ ಮರದ ಹಿಂದೆ ಒಂದು ಬಿಳಿ ಅಂಗಿ ನನಗೆ ಕಂಡಿತು. ಧರ್ಮೇಂದ್ರ. ದ್ಯಾವಯ್ಯ ಏಣಿ ಹೊತ್ತುಕೊಂಡು ಅವನ ಪಕ್ಕದಲ್ಲೇ ಹೋಗುತ್ತಾ, ‘ಏನ್ಲಾ ಧರ್ಮ, ಇತ್ಲಾಗೆ?’ ಅಂದರು.

‘ಸುಮ್ಕೆ ಕಣಣ್ಣೋ, ಇಂಗೇ ಬಂದಿದ್ದೆ. ನನ್ನೆಂಡ್ರು ಕೊನೆ ಕೇಳ್ಕಂಡು ಬಾ ಅಂದ್ಲು.’

ಪುಟ್ಟತಾಯಮ್ಮ ಮೆಟ್ಟಿಲ ಮೇಲೆ ನನಗೆ ಕುರ್ಚಿ ಹಾಕಿಸಿದ್ದರು. ನಾನು ತಲೆ ಅಲ್ಲಾಡಿಸಿದೆ. ಹಾಲು ಅಳೆಯುವ ಕೋಣೆಯ ಒಳಗೆ ಮೇಜಿನ ಮೇಲೆ ಆಂಪ್ಲಿಫೈಯರ್ ಇಟ್ಟುಕೊಂಡು ಕೂತೆ. ಪುಟ್ಟತಾಯಮ್ಮ ಬಾಗಿಲು ಎಳೆಯಲು ಬಂದರು. ಪಾಪ, ನನಗೆ ಅನುಕೂಲವಾಗಲಿ ಅಂತ.

‘ಮುಚ್ಚಬೇಡಿ ಅಮ್ಮ’ ಅಂದೆ. ಮೈಕು ಇನ್ನೂ ಆನ್ ಆಗಿರಲಿಲ್ಲ. ಅದು ನನ್ನ ಬರಿಯ ಧ್ವನಿ. ‘ತೆಗೆದೇ ಇರಲಿ.’

ತೆರೆದ ಬಾಗಿಲಿನಿಂದ ನೇರಕ್ಕೆ ರಸ್ತೆ, ರಸ್ತೆಯ ಕೊನೆಗೆ ಕಾಲುವೆಯ ಸೇತುವೆ ಕಾಣುತ್ತಿತ್ತು. ಅಲ್ಲಿ ಕೊನೆಯ ಸ್ಪೀಕರ್, ಅದರ ಕೆಳಗೆ ನಮ್ಮ ಗೂಡ್ಸ್ ಆಟೊ. ಅಬ್ಬಾ ಡ್ರೈವರ್ ಸೀಟಿನಲ್ಲಿ ಕೂತು ಬಲಗಿವಿಯನ್ನು ಮೇಲಕ್ಕೆ ತಿರುಗಿಸಿಕೊಂಡಿದ್ದರು. ದ್ಯಾವಯ್ಯ ಪಕ್ಕದಲ್ಲಿ ನಿಂತಿದ್ದರು. ಇಷ್ಟು ವರ್ಷದಲ್ಲಿ ಲೈನ್ ಚೆಕ್ ಮಾಡುವಾಗ ಅಬ್ಬಾ ನನಗೆ ಕಂಡಿದ್ದು ಅದೇ ಮೊದಲು.

ಶುರು ಮಾಡಿದೆ. ಮೂರು ತಲೆಯ ರಾಕ್ಷಸ ಬಂದ, ನಕ್ಕರು. ಚಾಪೆ ಹಾರಿ ಬಂತು, ನಕ್ಕರು. ಚಾಪೆ ಮಂಡಿನೋವು ಕೇಳಿದಾಗ ಅಬ್ಬಾನ ಹೆಗಲು ಅಲುಗಿತು. ನಾನು ಒಂದು ಕ್ಷಣ ಸಾಲು ತಪ್ಪಿದೆ. ಕೆಮ್ಮಿರಬೇಕು ಅಂದುಕೊಂಡೆ. ಎಲೆ ತಾನಾಗಿ ಖಾಲಿಯಾಗುವಲ್ಲಿ ಅವರು ಹೆಗಲ ಮೇಲಿನ ಟವೆಲನ್ನು ಬಾಯಿಗೆ ಅಡ್ಡ ಹಿಡಿದರು. ಆ ಜಾಗ ಬರುವ ಮೊದಲೇ ಹಿಡಿದರು. ಮುಂದೆ ಏನು ಬರುತ್ತದೆ ಎಂದು ಗೊತ್ತಿದ್ದವರು ಹಿಡಿಯುವ ಹಾಗೆ.

ಆಮೇಲೆ ಯಾರೂ ಕೇಳಿರದ ಭಾಗಕ್ಕೆ ಬಂದೆ.

‘ಆ ರಾಜ್ಯದಲ್ಲಿ ಒಬ್ಬಳು ಅಜ್ಜಿ ಇದ್ದಳು. ಅವಳ ಮನೆಯ ಮುಂದೆ ಹರಿಯುತ್ತಿದ್ದ ನೀರು ನಿಂತುಹೋಗಿತ್ತು. ಹೇಳಿಕೊಳ್ಳಲು ಹೋದರೆ ಎದುರಿಗೆ ಯಾರೂ ಕಾಣರು. ಬರಿಯ ಮಾತು ಮಾತ್ರ ಗಾಳಿಯಲ್ಲಿ ಬರುತ್ತಿತ್ತು, ಆಗುತ್ತದೆ, ಮಾಡುತ್ತೇವೆ, ನೋಡೋಣ. ಅಜ್ಜಿ ಮಾಟಗಾತಿಯನ್ನು ಕೇಳಿದಳು, ಈ ಶಾಲನ್ನು ತೆಗೆಯುವವರು ಯಾರು? ಮಾಟಗಾತಿ ಹೇಳಿದಳು, ಹೊದಿಸಿದ ಕೈಯೇ ತೆಗೆಯಬೇಕು. ಬೇರೆ ಕೈಗೆ ಅದು ಬಗ್ಗುವುದಿಲ್ಲ.

‘ಅಜ್ಜಿ ತನ್ನ ಕೈ ನೋಡಿಕೊಂಡಳು. ಆ ಸಾಲಿನಲ್ಲಿ ನಿಂತು ಶಾಲು ಹೊದಿಸಿದವರಲ್ಲಿ ಅವಳೂ ಒಬ್ಬಳು.’

ಚಾಪೆಯ ಮೇಲೆ ಕೂತಿದ್ದ ಹೆಂಗಸರು ನಗಲಿಲ್ಲ. ಒಬ್ಬಿಬ್ಬರು ತಮ್ಮ ಮಡಿಲಿನ ಕಡೆ ನೋಡಿದರು. ಹಾಲಿನ ಕ್ಯಾನು ಹಿಡಿದು ಬಂದವನೊಬ್ಬ ಅದನ್ನು ಸದ್ದಾಗದ ಹಾಗೆ ಕೆಳಗಿಟ್ಟ.

‘ಆದರೆ ಕಾಣದವನನ್ನು ಹುಡುಕುವುದು ಹೇಗೆ? ಅಜ್ಜಿ ಕಿವಿಗೊಟ್ಟು ಕೇಳಿದಳು. ಮಾತು ಬರುತ್ತಿದ್ದದ್ದು ಕಂಬದ ಮೇಲಿನ ಸ್ಪೀಕರಿನಿಂದ. ಸ್ಪೀಕರಿನಿಂದ ಒಂದು ವೈರು ಇಳಿದಿತ್ತು. ಅವಳು ವೈರು ಹಿಡಿದಳು. ಅಂಗೈಗೂ ಮೊಣಕೈಗೂ ಸುತ್ತಿಕೊಳ್ಳುತ್ತಾ ನಡೆದಳು. ಒಂದು ಬೀದಿ ಸುತ್ತಿದಳು, ಎರಡು ಬೀದಿ ಸುತ್ತಿದಳು. ಕಾವಲಿನವರು ಕೇಳಿದರು, ಏನಜ್ಜಿ ಮಾಡುತ್ತಿದ್ದೀ? ಅಜ್ಜಿ ಹೇಳಿದಳು, ಸಭೆ ಮುಗಿಯಿತಲ್ಲಪ್ಪ, ವೈರು ಸುತ್ತುತ್ತಿದ್ದೇನೆ. ವೈರು ಸುತ್ತುವವರನ್ನು ಯಾರೂ ತಡೆಯುವುದಿಲ್ಲ, ಅವರನ್ನು ಯಾರೂ ನೋಡುವುದೂ ಇಲ್ಲ. ಅರಮನೆಯ ಮೆಟ್ಟಿ‍ಲು ಹತ್ತಿದಳು. ವೈರು ಮುಗಿದಲ್ಲಿ ಮೈಕು ಇತ್ತು. ಮೈಕು ಹಿಡಿದ ಕೈ ಬೆಚ್ಚಗೆ ತಾಗಿತು. ಕೈಯಿಂದ ಮೇಲಕ್ಕೆ ಸವರಿದಳು. ಶಾಲಿನ ಅಂಚು ಅವಳ ಬೆರಳಿಗೆ ಸಿಕ್ಕಿತು.’

ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ಗೋಡೆಯ ಗಡಿಯಾರದಲ್ಲಿ ನೋಡಿದರೆ, ಶುರು ಮಾಡಿ ಹದಿನೆಂಟು ನಿಮಿಷ ಆಗಿತ್ತು. ಲೈನು ಎಂದೋ ಸರಿಯಾಗಿರಬೇಕು. ಸೇತುವೆಯ ಹತ್ತಿರ ದ್ಯಾವಯ್ಯ ಅಭ್ಯಾಸದಂತೆ ಆಟೊದೊಳಗೆ ಬಗ್ಗಿ ಹಾರನ್ನಿನ ಕಡೆ ಕೈ ಚಾಚಿದರು. ಅಬ್ಬಾ ಆ ಕೈಯನ್ನು ಹಿಡಿದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬಿಡಲಿಲ್ಲ.

ಮೈಕಿಗೆ ಹತ್ತಿರವಾದೆ. ನೂರು ಮುಖಗಳು ತೆರೆದ ಬಾಗಿಲಿನ ಕಡೆಗೇ ತಿರುಗಿದ್ದವು. ಗಂಟಲು ಕಟ್ಟಲಿಲ್ಲ.

‘ಅಬ್ಬಾ, ಕೇಳಿಸಿದ್ದು ಸಾಕಾಗಿದ್ದರೆ ಹಾರನ್ ಹೊಡೀರಿ. ಇಲ್ಲದಿದ್ದರೆ ಅಜ್ಜಿ ಶಾಲು ಎಳೀತಾಳೆ.’

ಯಾರೂ ಹೊಡೆಯಲಿಲ್ಲ.